ಬಿ.ಇ. ಮುಗಿಸಿ ನಾಟಕಕ್ಕೆ ಲೈಟು ಹಾಕಲು ಹೊರಟವಳು: ದಾವಣಗೆರೆಯ ಒಂದು ಪ್ರಕರಣ

ಹುಡುಗಿಗೆ ಆಗ 22 ವರ್ಷ. ದಾವಣಗೆರೆಯಲ್ಲೇ ಹುಟ್ಟಿ ಬೆಳೆದು, ಇಲ್ಲೇ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿದ್ದಳು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಆಫರ್ ಲೆಟರ್ ಕೈಯಲ್ಲಿತ್ತು, ವರ್ಷಕ್ಕೆ ಮೂರೂವರೆ ಲಕ್ಷ. ಬೀದಿಯವರಿಗೆಲ್ಲ ಪೇಡ ಹಂಚಿ ಆಗಿತ್ತು. ಕೆಲಸಕ್ಕೆ ಸೇರಲು ಇನ್ನೊಂದು ತಿಂಗಳಿದೆ ಅನ್ನುವಾಗ ಮನೆಯಲ್ಲಿ ಹೇಳಿದಳು: ನಾನು ಬೆಂಗಳೂರಿಗೆ ಹೋಗಲ್ಲ, ನಾಟಕಗಳಿಗೆ ಲೈಟಿಂಗ್ ಮಾಡ್ತೀನಿ, ಅದನ್ನೇ ಕಲೀತೀನಿ, ಅದರಲ್ಲೇ ಬದುಕ್ತೀನಿ.

ನಾನು ಅವಳಿಗೆ ಪಾಠ ಮಾಡಿದ ಲೆಕ್ಚರರ್. ಅವಳ ಅಪ್ಪ ನನ್ನನ್ನು ಹುಡುಕಿಕೊಂಡು ಬಂದಿದ್ದು ಮಗಳಿಗೆ ಬುದ್ಧಿ ಹೇಳಿಸಲು. "ಮೇಡಂ, ನಿಮ್ಮ ಮಾತಂದ್ರೆ ಅವಳಿಗೆ ವೇದವಾಕ್ಯ. ನೀವೊಂದು ಸಲ ಹೇಳಿ ನೋಡಿ" ಅಂದರು. ಅಲ್ಲಿಂದ ಮುಂದೆ ನಡೆದಿದ್ದನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ, ಕೆಲವು ಕಡೆ ಕೈಯನ್ನೂ ಹಾಕಿದ್ದೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡ ಅಂದಿದ್ದಾರೆ.

ಯಾಕೆ ಬರೆಯಬೇಕು ಅನಿಸಿತು ಅಂದರೆ, ಇಂಥ ಜಗಳ ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಲ್ಲಿ ಯಾರದಾದರೂ ಮನೆಯಲ್ಲಿ ನಡೆಯುತ್ತದೆ. ಮಕ್ಕಳು ನನ್ನ ಕನಸು ಅನ್ನುತ್ತಾರೆ, ಹೆತ್ತವರು ನಮ್ಮ ಮರ್ಯಾದೆ ಅನ್ನುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಮಾತು ಬಿಡುತ್ತಾರೆ. ಆ ಎರಡು ಮಾತುಗಳ ಕೆಳಗೆ ಇರುವುದು ಬ್ಯಾಂಕಿನ ಕಂತು, ರಾತ್ರಿ ಪ್ರಯಾಣ, ಕೆಲಸ ಇಲ್ಲದ ಮಳೆಗಾಲ, ಮದುವೆಯ ಚಿಂತೆ. ಇವನ್ನು ಒಂದೊಂದಾಗಿ ಬಿಡಿಸಿಕೊಂಡು ಕೂತರೆ ಅರ್ಧ ಜಗಳ ತಾನಾಗಿಯೇ ಕರಗುತ್ತದೆ. ಈ ಮನೆಯಲ್ಲಿ ಅದು ಕರಗಿದ್ದನ್ನು ಕಂಡಿದ್ದೇನೆ.

ಮನೆ, ಮನೆಯವರು

ಅಪ್ಪ ಎ.ಪಿ.ಎಂ.ಸಿ. ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರು. ಮೆಕ್ಕೆಜೋಳದ ಸೀಸನ್ನಿನಲ್ಲಿ ಬೆಳಿಗ್ಗೆ ಹೋದರೆ ರಾತ್ರಿಯೇ ಮನೆ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ತಮ್ಮ ಪಿಯುಸಿ ಓದುತ್ತಿದ್ದ. ಅಜ್ಜ ಕಾಟನ್ ಮಿಲ್ಲಿನಲ್ಲಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಮಿಲ್ಲು ಮುಚ್ಚಿದ ಮೇಲೆ ಮನೆ ಹೇಗೆ ನಡೆಯಿತು ಅನ್ನುವುದನ್ನು ಅಪ್ಪ ಹುಡುಗನಾಗಿದ್ದಾಗ ಕಣ್ಣಾರೆ ಕಂಡಿದ್ದಾರೆ. ಒಂದನೇ ತಾರೀಖಿಗೆ ಸಂಬಳ ಬರುವ ಕೆಲಸ ಅಂದರೆ ಅವರಿಗೆ ಯಾಕೆ ಅಷ್ಟು ದೊಡ್ಡದು ಅನ್ನುವುದು ಇಲ್ಲಿಂದ ಅರ್ಥವಾಗುತ್ತದೆ. ಮಗಳ ಮೇಲಿನ ಸಿಟ್ಟು ಅಂತ ನಾವು ನೋಡುವುದು ಎಷ್ಟೋ ಸಲ ಹಳೆಯ ಹೆದರಿಕೆ ಆಗಿರುತ್ತದೆ.

ಮನೆಯಲ್ಲಿ ಅವಳ ಪರವಾಗಿ ಇದ್ದವರು ಅಜ್ಜಿ ಒಬ್ಬರೇ. ಅಜ್ಜಿ ಕಂಪನಿ ನಾಟಕ ನೋಡಿ ಬೆಳೆದವರು. ಇದು ಪದ್ಮಶ್ರೀ ಪಡೆದ ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಅಜ್ಜಿಯ ಪ್ರಕಾರ ನಾಟಕದವರಿಗೆ ಪದ್ಮಶ್ರೀ ಬರುತ್ತದೆ ಅಂದಮೇಲೆ ನಾಟಕ ಕೀಳು ಕೆಲಸ ಆಗುವುದು ಹೇಗೆ. ಮಾತು ಸರಿಯಾಗಿಯೇ ಇತ್ತು, ಆದರೆ ಬ್ಯಾಂಕ್ ಕಂತು ಕಟ್ಟುವವರು ಅಜ್ಜಿ ಅಲ್ಲವಲ್ಲ, ಹಾಗಾಗಿ ಆ ಮಾತಿಗೆ ಮನೆಯಲ್ಲಿ ತೂಕ ಬರಲಿಲ್ಲ. ಸೋದರಮಾವ ಇನ್ನೂ ಕಡ್ಡಿ ಮುರಿದಂತೆ ಹೇಳಿದರು: "ನಾಟಕದ ಹುಡುಗಿ ಅಂದ್ರೆ ಒಂದು ಸಂಬಂಧ ಬರಲ್ಲ, ನೋಡ್ತಿರು."

ಅವಳಿಗೆ ಈ ಹುಚ್ಚು ಹಿಡಿದಿದ್ದು ಸಾಣೇಹಳ್ಳಿಯಲ್ಲಿ. ಹೊಸದುರ್ಗ ತಾಲ್ಲೂಕಿನ ಆ ಪುಟ್ಟ ಊರಿನಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಕಟ್ಟಿದ ಶಿವಕುಮಾರ ಕಲಾಸಂಘ ಇದೆ, ಬಯಲು ರಂಗಮಂದಿರ ಇದೆ, ಪ್ರತಿ ವರ್ಷ ನಾಟಕೋತ್ಸವ ನಡೆಯುತ್ತದೆ, ಅಲ್ಲಿಂದ ಶಿವಸಂಚಾರ ತಂಡ ನಾಟಕಗಳನ್ನು ಕಟ್ಟಿಕೊಂಡು ನಾಡು ಸುತ್ತುತ್ತದೆ. ಎರಡನೇ ವರ್ಷದ ಬಿ.ಇ.ಯಲ್ಲಿದ್ದಾಗ ಗೆಳತಿಯರ ಜೊತೆ ಸುಮ್ನೆ ಒಂದು ಸಂಜೆ ನೋಡಿ ಬರೋಣ ಅಂತ ಹೋದವಳು. ಎಲ್ಲರೂ ನಟರನ್ನು ನೋಡುತ್ತಿದ್ದರೆ ಇವಳು ಕತ್ತು ಎತ್ತಿ ಲೈಟುಗಳನ್ನು ನೋಡುತ್ತಿದ್ದಳಂತೆ. ಮರುದಿನ ನನ್ನ ಹತ್ತಿರ ಬಂದು ಕೇಳಿದ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ. "ಮೇಡಂ, ಲೈಟು ನಿಧಾನಕ್ಕೆ ಆರುವಾಗ ಬಣ್ಣ ಯಾಕೆ ಕೆಂಪಗಾಗುತ್ತೆ?" ಹ್ಯಾಲೊಜೆನ್ ದೀಪದ ತಂತಿಗೆ ವೋಲ್ಟೇಜ್ ಕಡಿಮೆ ಮಾಡಿದರೆ ಅದರ ಶಾಖ ಇಳಿಯುತ್ತದೆ, ಶಾಖ ಇಳಿದಂತೆ ಬೆಳಕು ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಸರಿಯುತ್ತದೆ. ಪುಸ್ತಕದಲ್ಲಿ ಇರುವ ವಿಷಯವೇ. ಆದರೆ ಅದನ್ನು ಒಂದು ಮುಸ್ಸಂಜೆಯ ದೃಶ್ಯದಲ್ಲಿ ಕಂಡು ಬಂದು ಕೇಳಿದವರು ನನ್ನ ತರಗತಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಈ ಕೆಲಸದಲ್ಲಿ ಇರುವುದಾದರೂ ಏನು

ಅಪ್ಪ ಕೇಳಿದ ಮೊದಲ ಪ್ರಶ್ನೆ ಇದೇ. "ಸ್ವಿಚ್ ಹಾಕೋದು ತೆಗೆಯೋದಕ್ಕೆ ಇಂಜಿನಿಯರಿಂಗ್ ಓದಬೇಕಾ ಮೇಡಂ?" ಪ್ರಶ್ನೆಯಲ್ಲಿ ನೋವಿತ್ತು. ನ್ಯಾಯವಾದ ಪ್ರಶ್ನೆಯೂ ಹೌದು. ಹಾಗಾಗಿ ಅವಳಿಗೆ ನಾನು ಮೊದಲು ಹೇಳಿದ್ದು, ಅಪ್ಪನ ಜೊತೆ ಕನಸಿನ ವಿಷಯ ಮಾತಾಡುವುದನ್ನು ಸ್ವಲ್ಪ ದಿನ ನಿಲ್ಲಿಸು, ಕೆಲಸದ ವಿಷಯ ಮಾತಾಡು ಅಂತ. ಬೆಳಿಗ್ಗೆಯಿಂದ ರಾತ್ರಿವರೆಗೆ ಏನು ಮಾಡುತ್ತೀಯ, ಯಾರು ದುಡ್ಡು ಕೊಡುತ್ತಾರೆ, ಯಾವ ತಿಂಗಳು ಕೆಲಸ ಇರುತ್ತದೆ, ಯಾವ ತಿಂಗಳು ಇರಲ್ಲ, ಇಷ್ಟನ್ನು ಹೇಳು.

ಅವಳು ಬರೆದುಕೊಂಡು ಬಂದಳು. ಲೈಟಿಂಗ್ ಮಾಡುವವರು ತಾಲೀಮಿನಲ್ಲಿ ಕೂತು ನಾಟಕ ನೋಡುತ್ತಾರೆ. ನಟರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಓಡುತ್ತಾರೆ ಅಂತ ಗುರುತು ಹಾಕುತ್ತಾರೆ. ಮುಖ ಕಾಣಬೇಕಾದರೆ ಮುಂದಿನಿಂದ, ಹೆಚ್ಚು ಕಡಿಮೆ 45 ಡಿಗ್ರಿ ಎತ್ತರದಿಂದ ಬೆಳಕು ಬೀಳಬೇಕು. ತೀರಾ ಮೇಲಿನಿಂದ ಬಿದ್ದರೆ ಕಣ್ಣು ಗುಳಿ ಬೀಳುತ್ತದೆ, ತೀರಾ ಕೆಳಗಿನಿಂದ ಬಿದ್ದರೆ ಮುಖ ದೆವ್ವದ ಹಾಗೆ ಕಾಣುತ್ತದೆ. ಹಿಂದಿನಿಂದ ಸ್ವಲ್ಪ ಬೆಳಕು ಕೊಟ್ಟರೆ ನಟ ಪರದೆಯಿಂದ ಬಿಡಿಸಿಕೊಂಡು ಮುಂದೆ ಬಂದ ಹಾಗೆ ಕಾಣುತ್ತಾನೆ. ಲೈಟಿನ ಮುಂದೆ ಹಾಕುವ ಅಂಬರ್ ಬಣ್ಣದ ಹಾಳೆ ನಮ್ಮ ಕಡೆಯ ಮೈಬಣ್ಣಕ್ಕೆ ಒಪ್ಪುತ್ತದೆ, ಹಸಿರು ಹಾಕಿದರೆ ಕಾಯಿಲೆಯವರ ಹಾಗೆ ಕಾಣುತ್ತಾರೆ. ಇದೆಲ್ಲ ಕಣ್ಣಿನ ಕೆಲಸ.

ಇನ್ನರ್ಧ ನಮ್ಮ ಎಲೆಕ್ಟ್ರಿಕಲ್‌ನವರ ಕೆಲಸ. ಡಬ್ಬದ ಆಕಾರದ ಹಳೇ ಪಾರ್ ಕ್ಯಾನ್ ಲೈಟು ಒಂದಕ್ಕೆ ಸಾಮಾನ್ಯವಾಗಿ 1000 ವ್ಯಾಟ್. 230 ವೋಲ್ಟಿನಲ್ಲಿ ನಾಲ್ಕು ಆಂಪಿಯರ್ ಮೇಲೆ ಎಳೆಯುತ್ತದೆ. ಅಂಥವು 12 ಹಾಕಿದರೆ 52 ಆಂಪಿಯರ್. ಹಳ್ಳಿಯ ಸಮುದಾಯ ಭವನದ ಸಿಂಗಲ್ ಫೇಸ್ ಕನೆಕ್ಷನ್ ಅದನ್ನು ತಡೆಯಲ್ಲ. ಮೂರು ಫೇಸಿಗೆ ಸಮನಾಗಿ ಹಂಚಬೇಕು, ಅರ್ಥಿಂಗ್ ನೋಡಬೇಕು, ಕೇಬಲ್ ದಪ್ಪ ನೋಡಬೇಕು. ಈಗಿನ ಎಲ್‌ಇಡಿ ಲೈಟುಗಳು ಬಂದ ಮೇಲೆ ಲೋಡ್ ಇಳಿದಿದೆ. ಒಂದಕ್ಕೆ 150 ವ್ಯಾಟ್ ಅಂತ ಹಿಡಿದರೂ 12 ಲೈಟಿಗೆ 1800 ವ್ಯಾಟ್, ಮನೆಯ ಗೀಸರ್‌ಗಿಂತ ಕಡಿಮೆ. ಆದರೆ ತಲೆನೋವು ಬೇರೆ ಕಡೆಗೆ ಹೋಗಿದೆ. ಅವು ನಡೆಯುವುದು, ಯಾವ ಲೈಟು ಎಷ್ಟು ಉರಿಯಬೇಕು ಅಂತ ಹೇಳುವ ಡಿಎಂಎಕ್ಸ್ 512 ಅನ್ನುವ ಸಿಗ್ನಲ್‌ನಲ್ಲಿ, ಒಂದು ಲೈನಿಗೆ 512 ಚಾನೆಲ್, ಒಂದೊಂದು ಲೈಟಿಗೂ ವಿಳಾಸ ಕೊಡಬೇಕು, ಕೆಂಪು ಹಸಿರು ನೀಲಿ ಒಂದೊಂದಕ್ಕೂ ಒಂದೊಂದು ಚಾನೆಲ್ ಹೋಗುತ್ತದೆ. ಮತ್ತೆ ಎಲ್‌ಇಡಿ ಆರುವಾಗ ತಾನಾಗಿ ಕೆಂಪಾಗಲ್ಲ. ಮುಸ್ಸಂಜೆ ಬೇಕಾದರೆ ಅದನ್ನು ನೀವೇ ಬರೆಯಬೇಕು.

ಅಪ್ಪ ಇದನ್ನೆಲ್ಲ ಕೇಳಿದರು. ಒಪ್ಪಲಿಲ್ಲ. ಆದರೆ ಸ್ವಿಚ್ ಹಾಕೋದು ಅನ್ನುವ ಮಾತು ಆ ದಿನದಿಂದ ಅವರ ಬಾಯಲ್ಲಿ ಬರಲಿಲ್ಲ.

ಈ ಕೆಲಸದಿಂದ ಹಿಂದೆ ಯಾರಾದರೂ ಬದುಕಿದ್ದಾರಾ ಅನ್ನುವುದು ಮುಂದಿನ ಪ್ರಶ್ನೆ. ಕೋಲ್ಕತ್ತಾದ ತಾಪಸ್ ಸೇನ್ ಹೆಸರು ಹೇಳಿದಳು. 1959ರಲ್ಲಿ ಅಲ್ಲಿನ ಮಿನರ್ವಾ ಥಿಯೇಟರಿನಲ್ಲಿ ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗುವುದನ್ನು ಬೆಳಕಿನಿಂದಲೇ ತೋರಿಸಿ ಜನ ಬೆರಗಾಗುವಂತೆ ಮಾಡಿದವರು, ಬದುಕೆಲ್ಲ ಇದೇ ಕೆಲಸ ಮಾಡಿದವರು. ದೊಡ್ಡವರ ಉದಾಹರಣೆ ಮನೆಯವರಿಗೆ ಅಷ್ಟು ಧೈರ್ಯ ಕೊಡಲ್ಲ ಅನ್ನುವುದು ನನ್ನ ಅನುಭವ. ಅಂಥವರು ಲಕ್ಷಕ್ಕೊಬ್ಬರು ಅನ್ನುತ್ತಾರೆ, ಅದು ನಿಜ ಕೂಡ. ಹಾಗಾಗಿ ಈ ಪ್ರಶ್ನೆಗೆ ನಾವು ಜಾಸ್ತಿ ಹೊತ್ತು ಕೊಡಲಿಲ್ಲ.

ಸಾಲ

ನಿಜವಾದ ಗಂಟು ಇಲ್ಲಿತ್ತು. ಓದಿಗೆ ಬ್ಯಾಂಕಿನಲ್ಲಿ 3 ಲಕ್ಷ ಶಿಕ್ಷಣ ಸಾಲ ಮಾಡಿದ್ದರು, ಅಪ್ಪ ಸಹ ಸಾಲಗಾರ. ಮಗಳು ಕಂತು ತಪ್ಪಿಸಿದರೆ ಅಪ್ಪನ ಸಿಬಿಲ್ ಸ್ಕೋರ್ ಕೆಡುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ. ಇವತ್ತಲ್ಲ ನಾಳೆ ಒಂದು ಸೈಟಿನ ಮೇಲೆ ಮನೆ ಕಟ್ಟಬೇಕು ಅಂತ ಆಸೆ ಇಟ್ಟುಕೊಂಡ ಮನುಷ್ಯನಿಗೆ ಇದು ಸಣ್ಣ ವಿಷಯ ಅಲ್ಲ. ಆದರೆ ಮೂರು ವಾರದ ಜಗಳದಲ್ಲಿ ಅವರು ಇದನ್ನು ಒಂದು ಸಲವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಮಗಳ ಹತ್ತಿರ ಸಾಲದ ಮಾತು ಎತ್ತಿದರೆ ಓದಿಸಿದ್ದನ್ನು ಎತ್ತಿ ಆಡಿದ ಹಾಗಾಗುತ್ತದೆ ಅನ್ನುವ ಸಂಕೋಚ. ಅವಳೋ, ಅಪ್ಪನಿಗೆ ನಾಟಕ ಕಂಡರೆ ಆಗಲ್ಲ ಅಂದುಕೊಂಡಿದ್ದಳು.

ನಾನು ಇಬ್ಬರನ್ನೂ ಕೂರಿಸಿಕೊಂಡು ಪಾಸ್‌ಬುಕ್, ಸಾಲದ ಕಾಗದ ಎರಡನ್ನೂ ತರಿಸಿದೆ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗಲ್ಲ, ಮರುಪಾವತಿಗೆ 15 ವರ್ಷದವರೆಗೂ ಸಮಯ ಕೇಳಬಹುದು. ಕಂತು ಇಲ್ಲ ಅಂದರೆ ಬಡ್ಡಿ ನಿಂತಿದೆ ಅಂತಲ್ಲ, ಅದು ಓಡುತ್ತಲೇ ಇರುತ್ತದೆ. ಆದರೆ ಮನೆಯ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ತಾಂತ್ರಿಕ ಕೋರ್ಸುಗಳಿಗೆ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ತುಂಬುವ ಯೋಜನೆ ಇದೆ. ಇವರು ಸಾಲ ತೆಗೆಯುವಾಗ ಆದಾಯ ಪ್ರಮಾಣಪತ್ರ ಕೊಟ್ಟಿದ್ದರು, ಬಡ್ಡಿ ಜಮಾ ಆಗಿದ್ದು ಪಾಸ್‌ಬುಕ್‌ನಲ್ಲಿ ಕಾಣುತ್ತಿತ್ತು. ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಬಡ್ಡಿ ಬೆಳೆದು ಬೆಟ್ಟ ಆಗಿರುತ್ತದೆ ಅಂತ ಒಳಗೊಳಗೇ ಕೊರಗುತ್ತಿದ್ದರು.

ಆಮೇಲೆ ಲೆಕ್ಕ ಹಾಕಿದೆವು. 3 ಲಕ್ಷಕ್ಕೆ ಶೇ 10ರ ಬಡ್ಡಿ ಅಂತ ಹಿಡಿದರೆ, 7 ವರ್ಷಕ್ಕೆ ತಿಂಗಳಿಗೆ ಸುಮಾರು 4,980 ರೂಪಾಯಿ. 10 ವರ್ಷಕ್ಕೆ 3,965. 15 ವರ್ಷಕ್ಕೆ 3,225. ಕಂತು ಚಿಕ್ಕದಾದಷ್ಟೂ ಒಟ್ಟು ಕಟ್ಟುವುದು ಜಾಸ್ತಿ: 7 ವರ್ಷದಲ್ಲಿ 4.18 ಲಕ್ಷ, 15 ವರ್ಷದಲ್ಲಿ 5.80 ಲಕ್ಷ. 10 ವರ್ಷ ಅಂತ ಇಟ್ಟುಕೊಂಡೆವು. ಅಂದರೆ ಅವಳ ಕನಸಿಗೂ ಅಪ್ಪನ ನೆಮ್ಮದಿಗೂ ನಡುವೆ ನಿಂತಿದ್ದು ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ. ಕಡಿಮೆ ದುಡ್ಡೇನಲ್ಲ. ಆದರೆ ಲೆಕ್ಕಕ್ಕೆ ಸಿಗುವ ದುಡ್ಡು.

ಉಪಾಯ ಹೊಳೆದಿದ್ದು ಅವಳಿಗೇ. ಕಂತು ಶುರುವಾಗಲು ಹೇಗೂ ಒಂದು ವರ್ಷ ಇದೆ. ಆ ವರ್ಷ ಊರಲ್ಲೇ ಏನಾದರೂ ಕೆಲಸ ಮಾಡಿ ತಿಂಗಳಿಗೆ 4,000ದ ಆರ್.ಡಿ. ಕಟ್ಟುವುದು. ವರ್ಷಕ್ಕೆ 48,000 ಆಗುತ್ತದೆ. ಎರಡನೇ ವರ್ಷ ರಂಗಶಾಲೆಗೆ ಸೇರುವುದು, ಆ ಹನ್ನೆರಡು ತಿಂಗಳ ಕಂತು ಈ ದುಡ್ಡಿನಿಂದ ಹೋಗುವುದು. 3,965ನ್ನು 12ರಿಂದ ಗುಣಿಸಿದರೆ 47,580. ಅಪ್ಪ ಅಂಗಡಿಯ ಲೆಕ್ಕ ಬರೆಯುವವರಲ್ಲವೇ, ಪೆನ್ನು ತೆಗೆದು ತಾವೇ ಇನ್ನೊಂದು ಸಲ ಗುಣಿಸಿ ನೋಡಿದರು.

"ಆರ್.ಡಿ. ಒಂದು ತಿಂಗಳು ತಪ್ಪಿದ್ರೂ ಬೆಂಗಳೂರಿಗೆ ಹೋಗ್ಬೇಕು" ಅಂದರು. ಅವಳು ಹೂಂ ಅಂದಳು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮನಸ್ಸು ಹೇಳಿದಂತೆ ನಡೆ, ಉಳಿದಿದ್ದೆಲ್ಲ ತಾನಾಗಿ ಆಗುತ್ತದೆ ಅಂತ ಇಪ್ಪತ್ತೆರಡರ ಮಕ್ಕಳಿಗೆ ಹೇಳುವವರನ್ನು ನಾನು ನಂಬಲ್ಲ. ಸಹ ಸಾಲಗಾರನ ಜಾಗದಲ್ಲಿ ಅಪ್ಪನ ಸಹಿ ಇರುವಾಗ ಉಳಿದಿದ್ದು ತಾನಾಗಿ ಆಗಲ್ಲ. ಹಾಗೇ, ಮೊದಲು ಹತ್ತು ವರ್ಷ ದುಡಿ, ಆಮೇಲೆ ನಿನ್ನಿಷ್ಟ ಅನ್ನುವುದನ್ನೂ ಒಪ್ಪಲ್ಲ. ಏಣಿ ಹತ್ತಿ ಹಗ್ಗ ಎಳೆದು ಕಲಿಯುವ ಕೆಲಸವನ್ನು ಮೂವತ್ತೆರಡಕ್ಕೆ, ಮನೆ ಮಕ್ಕಳು ಅಂತ ಆದ ಮೇಲೆ ಶುರುಮಾಡು ಅಂದರೆ ಬೇಡ ಅಂದ ಹಾಗೆಯೇ. ಒಂದು ವರ್ಷದ ಗಡುವು, ಅದರೊಳಗೆ ಕಣ್ಣಿಗೆ ಕಾಣುವ ಒಂದು ಲೆಕ್ಕ, ಇದು ಇಬ್ಬರಿಗೂ ನ್ಯಾಯ.

ಮೊದಲ ವರ್ಷ

ಹರಿಹರದ ಒಬ್ಬ ಎಲೆಕ್ಟ್ರಿಕಲ್ ಗುತ್ತಿಗೆದಾರರ ಬಳಿ ಸೈಟ್ ಇಂಜಿನಿಯರ್ ಆಗಿ ಸೇರಿದಳು. 14 ಸಾವಿರ ಸಂಬಳ. ಆಫರ್ ಲೆಟರಿನ ಅರ್ಧ. ಬೀದಿಯಲ್ಲಿ ಮಾತು ಬಂತು, ಬರದೆ ಇರುತ್ತದಾ. ಬೆಳಿಗ್ಗೆ ಪ್ಯಾನೆಲ್ ಬೋರ್ಡು, ಕೇಬಲ್, ವೈರಿನ ಇನ್ಸುಲೇಷನ್ ನೋಡುವ ಮೆಗ್ಗರ್ ಟೆಸ್ಟು. ಸಂಜೆ ಹವ್ಯಾಸಿ ತಂಡಗಳ ತಾಲೀಮು. ವಾರದ ಕೊನೆಗೆ ಡ್ರಾಮಾ ಸೀನ್ಸ್ ಬಾಡಿಗೆಗೆ ಕೊಡುವ ಒಬ್ಬರ ಬಳಿ ಸಹಾಯಕಿ. ನಮ್ಮ ಕಡೆ ಜಾತ್ರೆಗಳಲ್ಲಿ ಊರಿನ ಹುಡುಗರೇ ಪಾತ್ರ ಕಟ್ಟಿಕೊಂಡು ಸಾಮಾಜಿಕ ನಾಟಕ ಆಡುತ್ತಾರಲ್ಲ, ಪರದೆ, ಸೌಂಡು, ಲೈಟು ಎಲ್ಲ ಇಂಥವರಿಂದಲೇ ಹೋಗುವುದು. ಅವರು ಮೊದಲು ಇವಳನ್ನು ಬೇಡ ಅಂದರು, ಹೆಣ್ಣುಮಗಳು, ರಾತ್ರಿ ಕೆಲಸ ಅಂತ.

ಅವರು ಮನಸ್ಸು ಬದಲಿಸಿದ್ದು ಒಂದು ಸಣ್ಣ ಕೆಲಸದಿಂದ. ಅವರ ಹೊಸ ಎಲ್‌ಇಡಿ ಲೈಟುಗಳು ಶೋ ನಡುವೆ ತಾವೇ ಮಿಣಮಿಣ ಅನ್ನುತ್ತಿದ್ದವು, ಬಣ್ಣ ತಪ್ಪುತ್ತಿದ್ದವು. ಲೈಟೇ ಸರಿ ಇಲ್ಲ, ವಾಪಸ್ ಕಳಿಸಬೇಕು ಅಂತಿದ್ದರು. ಇವಳು ನೋಡಿದರೆ ಡಿಎಂಎಕ್ಸ್ ಕೇಬಲ್ ಬದಲು ಮೈಕಿನ ಕೇಬಲ್ ಉದ್ದಕ್ಕೆ ಎಳೆದಿದ್ದಾರೆ, ಕೊನೆಯ ಲೈಟಿನಲ್ಲಿ ಸಿಗ್ನಲ್ ವಾಪಸ್ ಬರದಂತೆ ತಡೆಯುವ ಟರ್ಮಿನೇಟರ್ ಇಲ್ಲ. ಸಿಗ್ನಲ್ ತುದಿಗೆ ಹೋಗಿ ವಾಪಸ್ ಬಂದು ಹಿಂದಿನದರ ಜೊತೆ ಕಲಸಿಕೊಳ್ಳುತ್ತಿತ್ತು. ಒಂದು ಕನೆಕ್ಟರಿನ 2 ಮತ್ತು 3ನೇ ಪಿನ್ನಿನ ನಡುವೆ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿ ಕೊನೆಯ ಲೈಟಿಗೆ ಚುಚ್ಚಿದಳು. ಮಿಣುಕುವುದು ನಿಂತಿತು. ಕೆಲವೇ ರೂಪಾಯಿಯ ಸಾಮಾನು. ಮುಂದಿನ ವಾರದಿಂದ ಅವರೇ ಫೋನ್ ಮಾಡಲು ಶುರುಮಾಡಿದರು.

ರಾತ್ರಿ ಪ್ರಯಾಣಕ್ಕೆ ಅಮ್ಮ ಹಾಕಿದ ಷರತ್ತು: ಅಪ್ಪ ಜೊತೆಗೆ ಹೋಗಬೇಕು. ಅಪ್ಪ ಗೊಣಗುತ್ತಲೇ ಹೋಗುತ್ತಿದ್ದರು, ಜನರೇಟರ್ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಶಾಲು ಹೊದ್ದು ಕೂರುತ್ತಿದ್ದರು.

ಜಗಳೂರು ಕಡೆಯ ಒಂದು ಜಾತ್ರೆ. ಕಮಿಟಿಯವರು ಕಂಬದ ಲೈನಿಗೆ ಕೊಕ್ಕೆ ಹಾಕಿ ಕರೆಂಟು ತಂದಿದ್ದರು. ಇವಳು ಅದಕ್ಕೆ ಲೈಟು ಜೋಡಿಸಲ್ಲ ಅಂತ ಕೂತಳು. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತಗೊಳ್ಳಿ, ಇಲ್ಲಾಂದ್ರೆ ಜನರೇಟರ್ ತರಿಸಿ ಅಂದಳು. ದೊಡ್ಡ ಮಾತುಕತೆ ಆಯಿತು, ಹಿರಿಯರೊಬ್ಬರು ಬಂದು ಜನರೇಟರ್ ತರಿಸಿದರು. ಹನ್ನೆರಡು ಪಾರ್ ಕ್ಯಾನುಗಳನ್ನು ನಾಲ್ಕು ನಾಲ್ಕರಂತೆ ಮೂರು ಫೇಸಿಗೆ ಹಂಚಿದಳು, ಒಂದೊಂದಕ್ಕೆ 17 ಆಂಪಿಯರ್ ಚಿಲ್ಲರೆ. ಸೌಂಡಿನವರದ್ದೂ, ನಟರು ಬಣ್ಣ ಹಚ್ಚಿಕೊಳ್ಳುವ ಕೋಣೆಯ ಬಲ್ಬೂ ಮೂರನೇ ಫೇಸಿನಲ್ಲಿ.

ನಾಟಕ ಶುರುವಾಗಿ ಎರಡು ಗಂಟೆ ಆಗಿರಬಹುದು. ತಾಯಿ ಸಾಯುವ ದೃಶ್ಯ. ಲೈಟುಗಳ ಬೆಳಕನ್ನು ಒಂದೊಂದಾಗಿ ಇಳಿಸುತ್ತಿದ್ದಾಳೆ. ಮೂರನೇ ಫೇಸಿನ ನಾಲ್ಕೂ ಲೈಟು ಪೂರ್ತಿ ಇಳಿದಿವೆ. ಅಷ್ಟರಲ್ಲಿ ಬಣ್ಣದ ಕೋಣೆಯ ಬಲ್ಬು ಇದ್ದಕ್ಕಿದ್ದಂತೆ ಬೆಳ್ಳಗೆ ಉರಿಯತೊಡಗಿತು. ನೋಡುವವರಿಗೆ ಒಳ್ಳೆ ಕರೆಂಟು ಬಂತು ಅನಿಸುತ್ತದೆ. ಅವಳು ನೋಡಿದ ಕ್ಷಣದಲ್ಲೇ ಮೇನ್ ಸ್ವಿಚ್ ಎಳೆದಳು. ಇಡೀ ಸ್ಟೇಜು ಕತ್ತಲು. ಜನ ಶಿಳ್ಳೆ, ಕೂಗಾಟ. ಕಮಿಟಿಯವರು ಓಡಿ ಬಂದರು.

ಅವಳು ಟಾರ್ಚ್ ಹಿಡಿದು ಜನರೇಟರಿನ ಪ್ಯಾನೆಲ್ ತೆಗೆದಳು. ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ತಂತಿಯ ಬೋಲ್ಟು ಅದುರಿ ಅದುರಿ ಸಡಿಲವಾಗಿತ್ತು. ಮೂರು ಫೇಸಿನಲ್ಲಿ ಲೋಡ್ ಸಮನಾಗಿಲ್ಲದಾಗ ನ್ಯೂಟ್ರಲ್ ಬಿಟ್ಟುಹೋದರೆ, ಲೋಡ್ ಕಡಿಮೆ ಇರುವ ಫೇಸಿನ ವೋಲ್ಟೇಜ್ 230ನ್ನು ದಾಟಿ 400ರ ಹತ್ತಿರ ಏರಬಹುದು. ಆ ಫೇಸಿನಲ್ಲಿರುವುದೆಲ್ಲ ಸುಟ್ಟುಹೋಗುತ್ತದೆ. ಸ್ಪ್ಯಾನರ್ ಹಾಕಿ ಬಿಗಿ ಮಾಡಿ, ಮೂರೂ ಫೇಸ್ ಅಳೆದು ನೋಡಿ, ಮೊದಲು ಸೌಂಡು, ಆಮೇಲೆ ಲೈಟು ಅಂತ ಒಂದೊಂದೇ ಹಾಕಿದಳು. ಹತ್ತು ನಿಮಿಷದಲ್ಲಿ ತಾಯಿ ಮತ್ತೆ ಸಾಯಲು ಮಲಗಿದರು, ನಾಟಕ ಮುಂದುವರಿಯಿತು.

ಸೌಂಡಿನವರು ಅಪ್ಪನ ಕುರ್ಚಿ ಹತ್ತಿರ ಬಂದು, "ಯಜಮಾನ್ರೇ, ಇನ್ನೊಂದು ನಿಮಿಷ ತಡ ಆಗಿದ್ರೆ ನನ್ನ ಆಂಪ್ಲಿಫೈಯರ್ ಹೊಗೆ ಆಗ್ತಿತ್ತು. ಬಾಡಿಗೆ ದುಡ್ಡಲ್ಲಿ ಬದುಕೋ ಮನೆ ನಮ್ದು. ನಿಮ್ಮ ಹುಡುಗಿ ಉಳಿಸಿದ್ಲು" ಅಂದರಂತೆ. ಈ ಮಾತನ್ನು ಅಪ್ಪ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ, ಬೇರೆ ಯಾವುದೋ ಕೆಲಸಕ್ಕೆ ಸಿಕ್ಕಾಗ. "ಓದಿಸಿದ್ದು ದಂಡ ಆಗಿಲ್ಲ ಬಿಡಿ ಮೇಡಂ" ಅಂದರು. ನಾಲ್ಕು ವರ್ಷದ ಓದು ನೀರಲ್ಲಿ ಹೋಮ ಮಾಡಿದ ಹಾಗಾಯಿತು ಅನ್ನುವುದು ಅವರ ದೊಡ್ಡ ಸಂಕಟವಾಗಿತ್ತು. ಅದನ್ನು ನಾನಾಗಲಿ ಅವಳಾಗಲಿ ಮಾತಿನಿಂದ ತೆಗೆಯಲು ಆಗಿರಲಿಲ್ಲ.

ಆರ್.ಡಿ. ಒಂದು ತಿಂಗಳೂ ತಪ್ಪಲಿಲ್ಲ.

ರಂಗಶಾಲೆ, ಆಮೇಲೆ

ಎರಡನೇ ವರ್ಷದ ಬಗ್ಗೆ ಬರೆಯುವುದು ಕಡಿಮೆ, ಅವಳು ಊರಲ್ಲಿರಲಿಲ್ಲ. ಕರ್ನಾಟಕದಲ್ಲಿ ಈ ವಿಷಯದಲ್ಲಿ ನಮ್ಮ ಪುಣ್ಯ ದೊಡ್ಡದು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ, ಮೈಸೂರಿನ ರಂಗಾಯಣದಲ್ಲೂ ರಂಗಶಾಲೆ ಇದೆ, ಸಾಣೇಹಳ್ಳಿಯಲ್ಲೇ ಇದೆ, ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ ಇದೆ. ಅವುಗಳಲ್ಲಿ ಒಂದಕ್ಕೆ ಸೇರಿದಳು. ಅಲ್ಲಿ ಬೆಳಕನ್ನು ಮಾತ್ರ ಕಲಿಸುವುದಿಲ್ಲ. ನಟನೆ, ಹಾಡು, ರಂಗಸಜ್ಜಿಕೆ, ಕಸ ಗುಡಿಸುವುದು ಎಲ್ಲ ಮಾಡಬೇಕು. ಮೊದಲ ಎರಡು ತಿಂಗಳು ಫೋನ್ ಮಾಡಿ ಅತ್ತಳು, ನನಗೆ ನಟನೆ ಬರಲ್ಲ ಮೇಡಂ ಅಂತ. ಆದರೆ ನಟರ ಮೇಲೆ ಬೆಳಕು ಹಾಕುವವರು ಒಂದು ಸಲವಾದರೂ ಆ ಬೆಳಕಿನಲ್ಲಿ ನಿಂತಿರಬೇಕು ಅಂತ ಈಗ ಅವಳೇ ಹೇಳುತ್ತಾಳೆ. ಮುಖಕ್ಕೆ ನೇರ ಬೆಳಕು ಬಿದ್ದಾಗ ಎದುರಿಗಿರುವವರು ಕಾಣದೆ ಮೆಟ್ಟಿಲು ತಪ್ಪುವುದು ಏನು ಅಂತ ಗೊತ್ತಿದ್ದರೆ ಲೈಟನ್ನು ಇಡುವ ಜಾಗವೇ ಬೇರೆಯಾಗುತ್ತದೆ.

ಕಂತು ಪ್ರತಿ ತಿಂಗಳು ಕೂಡಿಟ್ಟ ದುಡ್ಡಿನಿಂದ ಹೋಯಿತು. ಬ್ಯಾಂಕಿನ ಮೆಸೇಜ್ ಅಪ್ಪನ ಮೊಬೈಲಿಗೆ ಬರುವ ಹಾಗೆ ಮಾಡಿದ್ದಳು. ಇದು ಚಿಕ್ಕ ವಿಷಯ, ಆದರೆ ನಾನು ಎಲ್ಲರಿಗೂ ಹೇಳುತ್ತೇನೆ. ಅಪ್ಪ ಅಮ್ಮ ಕೇಳುವ ಮೊದಲೇ ಅವರಿಗೆ ಉತ್ತರ ಸಿಗಬೇಕು.

ವಾಪಸ್ ಬಂದ ಮೇಲಿನ ಎರಡು ವರ್ಷ ಸುಲಭವಾಗಿ ಇರಲಿಲ್ಲ. ನವೆಂಬರಿನಿಂದ ಏಪ್ರಿಲ್ ತನಕ ಕೈ ತುಂಬ ಕೆಲಸ: ತಿರುಗಾಟದ ತಂಡಗಳು, ಕಾಲೇಜು ಉತ್ಸವ, ಶಾಲಾ ವಾರ್ಷಿಕೋತ್ಸವ, ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ನಮ್ಮೂರ ದುಗ್ಗಮ್ಮನ ಜಾತ್ರೆ ಇದ್ದರಂತೂ ಆ ತಿಂಗಳು ನಿದ್ದೆ ಇಲ್ಲ. ತಿಂಗಳಿಗೆ 30 ಸಾವಿರ ದಾಟಿದ್ದೂ ಇದೆ. ಮಳೆ ಹಿಡಿದರೆ ಮುಗಿಯಿತು. ಒಂದು ಜುಲೈನಲ್ಲಿ 6 ಸಾವಿರ ಬಂತು. ಅದಕ್ಕೇ ಅವಳದೊಂದು ನಿಯಮ, ಮೂರು ಕಂತಿನಷ್ಟು ದುಡ್ಡು ಯಾವಾಗಲೂ ಖಾತೆಯಲ್ಲಿ ಇರಬೇಕು, ಅದನ್ನು ಮುಟ್ಟುವಂತಿಲ್ಲ. ಮಳೆಗಾಲದಲ್ಲಿ ಹಳೇ ಗುತ್ತಿಗೆದಾರರ ಬಳಿ ದಿನದ ಲೆಕ್ಕದಲ್ಲಿ ಹೋಗುತ್ತಾಳೆ.

ಬೆಂಗಳೂರಿನ ಒಂದು ತಂಡ ನಾಲ್ಕು ಶೋ ಮಾಡಿಸಿಕೊಂಡು ದುಡ್ಡು ಕೊಡಲಿಲ್ಲ. ಕೇಳಿದರೆ, ಕಲೆಗೆ ಬೆಲೆ ಕಟ್ಟಬಾರದು ಅಂತ ಉಪದೇಶ. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಜನರೇಟರಿನವರಿಗೆ, ಹಾಲ್‌ನವರಿಗೆ, ಊಟದವರಿಗೆ ದುಡ್ಡು ಇರುತ್ತದೆ, ಏಣಿ ಮೇಲೆ ನಿಂತ ಹುಡುಗಿಗೆ ಮಾತ್ರ ಇರಲ್ಲ. ಈಗ ಅವಳು ಅರ್ಧ ಮುಂಗಡ ಇಲ್ಲದೆ ಗಾಡಿ ಹತ್ತಲ್ಲ. ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುವವರಿದ್ದರೆ ಇನ್ನೊಂದು ಮಾತು: ಒಪ್ಪುವ ಮೊದಲು ಶೌಚಾಲಯ ಎಲ್ಲಿದೆ, ರಾತ್ರಿ ಎಲ್ಲಿ ಮಲಗುವುದು ಅಂತ ಕೇಳಲು ನಾಚಿಕೆ ಪಡಬೇಡಿ. ಅವಳು ಈಗ ಹಳ್ಳಿಗೆ ಹೋದರೆ ಮೊದಲು ಕಮಿಟಿಯವರ ಮನೆಯ ಹೆಂಗಸರನ್ನು ಪರಿಚಯ ಮಾಡಿಕೊಳ್ಳುತ್ತಾಳೆ. "ಲೈಟಿನ ಹುಡುಗ ಎಲ್ಲಿ?" ಅಂತ ಕೇಳುವವರು ಇನ್ನೂ ಇದ್ದಾರೆ.

ಈಗ ಇರುವುದು

ಬಗೆಹರಿಯದೆ ಉಳಿದಿರುವುದು ಸಾಕಷ್ಟಿದೆ. ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ಎತ್ತರದಲ್ಲಿ, ಕರೆಂಟಿನ ಜೊತೆ ಮಾಡುವ ಕೆಲಸ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ 2 ಲಕ್ಷದ ಅಪಘಾತ ವಿಮೆ ಕೊಡುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಿದ್ದಾಳೆ, ಅದು ಸಾಲದು. ಆರೋಗ್ಯ ವಿಮೆ ಬೇರೆ ಮಾಡಿಸು ಅಂತ ಬೆನ್ನು ಬಿದ್ದಿದ್ದೇನೆ. ವಿದ್ಯುತ್ ಪರಿವೀಕ್ಷಣಾಲಯದಿಂದ ಸೂಪರ್‌ವೈಸರ್ ಪರ್ಮಿಟ್ ತಗೊಳ್ಳಲು ಅರ್ಜಿ ಹಾಕಿಸುತ್ತಿದ್ದೇವೆ. ಅದಿದ್ದರೆ ಕರೆಂಟಿನ ವಿಷಯದಲ್ಲಿ ಅವಳು ಆಗಲ್ಲ ಅಂದಾಗ ಕಮಿಟಿಯವರು ಇನ್ನಷ್ಟು ಬೇಗ ಕೇಳುತ್ತಾರೆ. ಸೋದರಮಾವ ಸಂಬಂಧ ನೋಡುವುದನ್ನು ನಿಲ್ಲಿಸಿಲ್ಲ. ಎರಡು ಬಂದು ಹೋಗಿವೆ, ಒಂದನ್ನು ಅವಳೇ ಬೇಡ ಅಂದಳು, ರಾತ್ರಿ ಕೆಲಸ ಬಿಡಬೇಕು ಅಂದಿದ್ದಕ್ಕೆ. ಅಮ್ಮ ಇದರಿಂದ ನೊಂದಿದ್ದಾರೆ. ಅದು ಹಾಗೇ ಇದೆ.

ಕಳೆದ ತಿಂಗಳು ಬೆಂಗಳೂರಿನ ಒಂದು ರಂಗಮಂದಿರದಿಂದ ತಿಂಗಳ ಸಂಬಳದ ಕೆಲಸಕ್ಕೆ ಕೇಳಿದ್ದಾರೆ. ಅಪ್ಪನಿಗೆ ಹೋಗಲಿ ಅಂತ ಆಸೆ. ಅವಳಿಗೆ ಅನುಮಾನ, ಅಲ್ಲಿ ಬಂದ ತಂಡಗಳಿಗೆಲ್ಲ ಒಂದೇ ಥರ ಲೈಟು ಹಾಕಿಕೊಡುವುದೇ ಆಗಿ ಸ್ವಂತ ವಿನ್ಯಾಸ ಮಾಡಲು ಬಿಡುತ್ತಾರೋ ಇಲ್ಲವೋ ಅಂತ. ವರ್ಷಕ್ಕೆ ಅರವತ್ತು ದಿನ ಹೊರಗೆ ಕೆಲಸ ಮಾಡಲು ರಜೆ ಕೊಡುತ್ತೀರಾ ಅಂತ ಪತ್ರ ಬರೆದಿದ್ದಾಳೆ, ಉತ್ತರಕ್ಕೆ ಕಾಯುತ್ತಿದ್ದಾಳೆ. ನನ್ನನ್ನು ಕೇಳಿದರೆ, ಅರವತ್ತು ಬೇಡ, ನಲವತ್ತು ದಿನ ಕೊಟ್ಟರೂ ಎರಡು ವರ್ಷಕ್ಕೆ ಹೋಗಿ ಬರಲಿ. ಲೈಟು ನಡೆಸುವ ದೊಡ್ಡ ಕನ್ಸೋಲುಗಳ ಮೇಲೆ ಕೈ ಪಳಗುತ್ತದೆ, ಸಾಲದ ಒಂದು ಭಾಗ ಮುಂಚಿತವಾಗಿ ತೀರುತ್ತದೆ. ರಜೆಯನ್ನೇ ಕೊಡಲ್ಲ ಅಂದರೆ ಇಲ್ಲೇ ಇರಲಿ. ಈ ಸೀಸನ್ನಿಗೆ ಒಪ್ಪಿಕೊಂಡ ಶೋಗಳು ಈಗಾಗಲೇ ಫೆಬ್ರವರಿವರೆಗೆ ತುಂಬಿವೆ.